ಕಪ್ಪನ್ನು ಕಪ್ಪಾಗಿಯೇ ತೋರಿಸುವ ಮಾನಿಟರ್

ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತಿದ್ದ ಕೊನೆಯ ದಿನ ನಾನು ಅಂಗಡಿಯಲ್ಲಿ ಕೂತು ಹೊಂಗನೂರಿನ ತಾತನೊಬ್ಬನನ್ನು ಬೆಳ್ಳಗೆ ಮಾಡುತ್ತಿದ್ದೆ. ತಾತ ತೀರಿಕೊಂಡು ಐದು ದಿನವಾಗಿತ್ತು. ಚನ್ನಪಟ್ಟಣದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಅರ್ಜಿಗೆ ಅಂಟಿಸುವ ಫೋಟೊ, ಮದುವೆ ಆಲ್ಬಮ್ಮು, ತಿಥಿಗೆ ಕಟ್ಟು ಹಾಕಿಸಿದ ದೊಡ್ಡ ಫೋಟೊ, ಎಲ್ಲ ಮಾಡಿಕೊಡುತ್ತೇನೆ. ಒಪ್ಪಿಕೊಂಡುಬಿಡುತ್ತೇನೆ: ಇಪ್ಪತ್ತು ವರ್ಷದಿಂದ ಈ ತಾಲ್ಲೂಕಿನಲ್ಲಿ ತೀರಿಕೊಂಡವರಲ್ಲಿ ನನ್ನ ಕೈಗೆ ಸಿಕ್ಕವರನ್ನೆಲ್ಲ ಬೆಳ್ಳಗೆ ಮಾಡಿಯೇ ಕಳಿಸಿದ್ದೇನೆ. ಬೇಡವೆಂದವರು ಒಬ್ಬರೂ ಇಲ್ಲ. ಫೋಟೊ ಕೈಗಿಡುವಾಗಲೇ "ಒಸಿ ಬೆಳ್ಳುಗ್ ಮಾಡ್ಬುಡಣ್ಣ" ಅನ್ನುತ್ತಾರೆ. ಜೀವಮಾನವಿಡೀ ರೇಷ್ಮೆಹುಳಕ್ಕೆ ಸೊಪ್ಪು ಹೊತ್ತು ಬಿಸಿಲಲ್ಲಿ ಬೆಂದವರು, ಗೋಡೆ ಹತ್ತುವಾಗ ಮಾತ್ರ ನೆರಳಲ್ಲೇ ಹುಟ್ಟಿ ಬೆಳೆದವರಂತೆ ಕಾಣಬೇಕು.

ಊಟದ ಡಬ್ಬಿ ತಂದ ನನ್ನ ಹೆಂಡತಿ ಭಾಗ್ಯ ಬೆನ್ನ ಹಿಂದೆ ನಿಂತು ನೋಡಿದಳು.

"ಅಲ್ಲ ಕಣ್ರೀ, ಈ ತಾತ ಯಾರ್ಗೆ ಗುರ್ತು ಸಿಕ್ತದೆ? ಮೊಮ್ಮಕ್ಳು ಯಾರ್ದೋ ಫೋಟೊಗೆ ಕೈ ಮುಗೀತವೆ."

"ಕೇಳಿದ್ದು ಮಾಡ್ಕೊಡೋದು ನನ್ ಕೆಲ್ಸ."

"ನಂಗೂ ಹಿಂಗೇ ಸುಣ್ಣ ಬಳುದ್ರೆ ಎದ್ಬಂದು ಕೇಳ್ತೀನಿ, ನೋಡ್ತಿರಿ" ಎಂದು ಡಬ್ಬಿ ಬಿಚ್ಚಿಟ್ಟು ಹೋದಳು. ಭಾಗ್ಯ ಕಪ್ಪು. ಒಳ್ಳೆಯ, ತುಂಬಿದ ಎಣ್ಣೆಗಪ್ಪು. ಮಾರನೆಯ ಬೆಳಗ್ಗೆ ಅವಳು ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಹನ್ನೊಂದನೇ ದಿನದ ಕಾರ್ಯಕ್ಕೆ ಬಾಮೈದ ಕುಮಾರ ಬೇರೆ ಕಡೆ ಫೋಟೊ ಮಾಡಿಸಿ ತಂದ. ಅದರಲ್ಲಿ ಅವನ ಅಕ್ಕ ಮೈದಾಹಿಟ್ಟಿನ ಬಣ್ಣದಲ್ಲಿದ್ದಳು. ಜಗಳ ಮಾಡುವಷ್ಟು ತ್ರಾಣ ನನಗಾಗ ಇರಲಿಲ್ಲ. ವರ್ಷದ ತಿಥಿಗೆ ಮಾತ್ರ ನಾನೇ, ಅವಳ ಬಣ್ಣದಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದು ಕೂತರೆ, ಹಳೆಯ ಮಾನಿಟರ್ ಕೈಕೊಟ್ಟಿತು. ಬೆಳ್ಳಗೆ ಮಾಡಿ ಮಾಡಿ ಅದಕ್ಕೂ ಸಾಕಾಗಿತ್ತೇನೋ.

ಹೊಸದು ತರಲು ಕುಮಾರನೊಂದಿಗೆ ರಾಮನಗರಕ್ಕೆ ಹೋದೆ. ಜೇಬಿನಲ್ಲಿ ಪೆನ್ ಡ್ರೈವ್, ಅದರೊಳಗೆ ಭಾಗ್ಯ. ಅಂಗಡಿಯವನು ಎರಡು ಮಾನಿಟರ್ ಪಕ್ಕಪಕ್ಕ ಇಟ್ಟ. ಒಂದು ಅಗ್ಗದ್ದು. ಇನ್ನೊಂದು ಅದರ ಮೂರು ಪಟ್ಟು ಬೆಲೆಯದು, ಬಣ್ಣದ ಕೆಲಸ ಮಾಡುವವರಿಗೆಂದೇ ಇರುವುದು. ಅವನು ಪ್ಯಾನೆಲ್ಲು, ರೆಸಲ್ಯೂಷನ್ನು ಎಂದು ಮಂತ್ರ ಹೇಳುತ್ತಿದ್ದ. ಹಸೆಮಣೆಯ ಮೇಲಿನ ಗಂಡಿನಂತೆ ಅರ್ಥವಾಗದಿದ್ದರೂ ತಲೆಯಾಡಿಸಿದೆ. ಕೊನೆಗೆ ಪೆನ್ ಡ್ರೈವ್ ಕೊಟ್ಟು, "ಈ ಫೋಟೊ ಹಾಕಿ" ಅಂದೆ.

ಅಗ್ಗದ್ದರಲ್ಲಿ ಭಾಗ್ಯ ಫಳಫಳ ಹೊಳೆದಳು. ನಾನು ಮೌಸ್ ಮುಟ್ಟದೆಯೇ ಬೆಳ್ಳಗಾಗಿಬಿಟ್ಟಿದ್ದಳು. ದುಬಾರಿಯದರಲ್ಲಿ, ಈಗಷ್ಟೇ ಒಲೆ ಮುಂದಿನಿಂದ ಎದ್ದು ಬಂದ ಹಾಗೆ, ಅವಳ ಬಣ್ಣದಲ್ಲೇ ಇದ್ದಳು.

"ಬಾವ, ಅಗ್ಗದ್ದೇ ತಗಳಿ. ಅಕ್ಕ ಇದ್ರಲ್ಲಿ ಎಷ್ಟ್ ಲಕ್ಷಣವಾಗ್ ಕಾಣ್ತಾವ್ಳೆ!"

"ನಿಮ್ಮಕ್ಕ ಅದ್ರಲ್ಲಿಲ್ಲ ಕಣೋ, ಇದ್ರಲ್ಲವಳೆ."

"ಜಾಸ್ತಿ ಕಾಸ್ ಕೊಟ್ಟು ಕಪ್ಪುಗ್ ಮಾಡಿಸ್ಕಳೋರ್ನ ಎಲ್ಲಾರ ಕಂಡಿದ್ದೀರಾ ಬಾವ?"

"ಈಗ ಕಾಣು."

ಅಂಗಡಿಯವನು ರಾಜಿಗೆ ಬಂದ. "ಇದ್ರಲ್ಲೂ ಬ್ರೈಟ್‌ನೆಸ್ ಏರಿಸ್ಬೋದು ಸಾರ್" ಎಂದು ಗುಂಡಿಗೆ ಕೈ ಹಾಕಿದ. "ಮುಟ್‌ಬ್ಯಾಡಿ!" ಎಂದು ನಾನು ಕೂಗಿದ ರಭಸಕ್ಕೆ ಪ್ರಿಂಟರ್ ನೋಡುತ್ತಿದ್ದವರೊಬ್ಬರು ಪ್ರಿಂಟರ್ ಬಿಟ್ಟು ನನ್ನನ್ನೇ ನೋಡಿದರು. ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ಸಾರಿ ಹೇಳುವವನು. ಅಷ್ಟು ದೊಡ್ಡ ದನಿ ನನ್ನಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ದುಬಾರಿಯದನ್ನೇ ತಂದೆ. ಕುಮಾರ ದಾರಿಯುದ್ದಕ್ಕೂ ದುಡ್ಡು ದಂಡ ಎಂದು ಗೊಣಗಿದ, ಆದರೆ ಚನ್ನಪಟ್ಟಣ ಬರುವವರೆಗೂ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ತಿಥಿಯ ದಿನ ನೆಂಟರು ಫೋಟೊ ನೋಡಿ ಗುಸುಗುಸು ಅಂದರು. "ಸ್ಟುಡಿಯೊ ಇಟ್ಕಂಡು ಹೆಂಡ್ರಿಗೆ ಇಷ್ಟೂ ಮಾಡ್ನಿಲ್ವಾ?" ಅಂದುಕೊಳ್ಳಲಿ. ಈಗೀಗ ಗಿರಾಕಿಗಳಿಗೂ "ಬೆಳ್ಳಗೆ ಮಾಡಲ್ಲ" ಅಂದುಬಿಡುತ್ತೇನೆ. ಕೆಲವರು ಪಕ್ಕದ ಬೀದಿಗೆ ಹೋಗುತ್ತಾರೆ. ಹೋಗಲಿ.

ಅವತ್ತು ತಿಥಿಗೆ ಬೈರಾಪಟ್ಟಣದಿಂದ ಬಂದಿದ್ದ ಅತ್ತೆಗೆ, ಭಾಗ್ಯಳ ಅಮ್ಮನಿಗೆ, ಕಣ್ಣು ಮಂಜು. ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. "ಇವ್ಳು ನನ್ ಮಗ್ಳು. ಹೋದ್ಸಲ ಯಾರ್ನೋ ನೇತಾಕಿದ್ರಿ" ಅಂದರು. ಕುಮಾರನ ಕಡೆ ತಿರುಗಿ ನೋಡಿದೆ, ಗೆದ್ದೆ ಅನಿಸಿತು. ಅಷ್ಟರಲ್ಲಿ ಅತ್ತೆ ಕೇಳಿದರು: "ಯಾಕಪ್ಪ ಹಿಂಗ್ ಬಿಗುಕೊಂಡವ್ಳೆ?"

ರೇಷನ್ ಕಾರ್ಡಿನ ಅರ್ಜಿಗೆಂದು ನಾನೇ ತೆಗೆದ ಫೋಟೊ ಅದು. "ನಗ್‌ಬ್ಯಾಡ, ಅರ್ಜಿ ವಾಪಸ್ ಬತ್ತದೆ" ಎಂದು ಗದರಿದವನೂ ನಾನೇ. ಊರವರ ಮದುವೆಯಲ್ಲೆಲ್ಲ "ನಗಿ, ನಗಿ" ಎಂದು ಗೋಗರೆದಿದ್ದೇನೆ. ಭಾಗ್ಯ ನಗುತ್ತಿರುವ ಫೋಟೊ ನನ್ನ ಹತ್ತಿರ ಒಂದೂ ಇಲ್ಲ.