ಗಾಳಿಮರ ದಾಟಿದ ಚೆಂಡು

ನಮ್ಮ ಅಜ್ಜ ಬಳ್ಳಾರಿಯ ದಂಡಿನ ಮೈದಾನದಲ್ಲಿ ಇಂಗ್ಲಿಷ್ ಸಾಹೇಬನೊಬ್ಬನ ಗಾಲ್ಫ್ ಚೆಂಡನ್ನು ತನ್ನ ಬಡಿಗೆಯಿಂದ ಹೊಡೆದು ಗುಡ್ಡ ದಾಟಿಸಿದನೆಂಬ ಕಥೆಯನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ. ನನ್ನ ತಾಯಿ ಹೇಳುವಾಗ ಚೆಂಡು ಗುಡ್ಡವನ್ನಷ್ಟೇ ದಾಟುತ್ತಿತ್ತು. ಸೋದರಮಾವ ಹೇಳುವಾಗ ಗುಡ್ಡದಾಚೆಯ ಕೆರೆಯನ್ನೂ ದಾಟುತ್ತಿತ್ತು. “ಗುಡ್ಡದ ಆಚಿಗೆ ಬಿದ್ದಿದ್ದು ಈಚಿಗೆ ನಿಂತವರಿಗೆ ಹೆಂಗ ಕಂಡ್ತು?” ಎಂದು ನಾನೊಮ್ಮೆ ಕೇಳಿದೆ. ಉತ್ತರವಾಗಿ ತಲೆಯ ಮೇಲೊಂದು ಮೊಟಕು ಬಿತ್ತು. ನಮ್ಮ ಮನೆತನದಲ್ಲಿ ಯಾವ ಸಂಗತಿಯೂ ನಡೆದಷ್ಟಕ್ಕೆ ನಿಲ್ಲುವುದಿಲ್ಲ, ಹೇಳುವವರ ಬಾಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಅಂಥವು ಇಂದಿಗೂ ಒಂದರ ಹಿಂದೊಂದು ಘಟಿಸುತ್ತಲೇ ಇವೆ.

ಆ ಸೋದರಮಾವನ ಮಗನನ್ನೇ ನಾನು ಮದುವೆಯಾದೆ. ಹೀಗಾಗಿ ಅಜ್ಜನ ಜೊತೆಗೆ ಆ ಚೆಂಡೂ ನಮ್ಮಿಬ್ಬರ ಪಾಲಿಗೆ ಬಂತು. ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದೆ. ಇವರು ಅಲ್ಲಿಯೇ ಭೌತಶಾಸ್ತ್ರದ ಉಪನ್ಯಾಸಕರು. ಎಸೆದ ವಸ್ತು ಯಾವ ಕೋನದಲ್ಲಿ ಏರಿದರೆ ಎಲ್ಲಿ ಬೀಳುತ್ತದೆಂಬ ಪಾಠಕ್ಕೆ ಮೂವತ್ತು ವರ್ಷ ಗಾಲ್ಫ್ ಚೆಂಡಿನ ಉದಾಹರಣೆಯನ್ನೇ ಕೊಟ್ಟರು. ಆ ಅವಧಿಯಲ್ಲಿ ಒಂದು ಗಾಲ್ಫ್ ಚೆಂಡನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕರಾವಳಿಯ ಒಂದು ವಿಹಾರಧಾಮದಲ್ಲಿ ನಮ್ಮಿಬ್ಬರಿಗೆ ಮೂರು ದಿನಗಳ ಗಾಲ್ಫ್ ಪ್ರವಾಸವನ್ನು ಉಡುಗೊರೆಯಾಗಿ ಕೊಟ್ಟರು. ಪ್ರವಾಸ ಮುಗಿದ ಮರುವಾರವೇ ದಾವಣಗೆರೆಯಲ್ಲಿ ಇವರ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆಮೇಲೆ ಸೊಂಟ ತಿರುಗಿಸಿ ಏನನ್ನೂ ಬೀಸಿ ಹೊಡೆಯಬಾರದೆಂದು ವೈದ್ಯರು ಮೊದಲೇ ಹೇಳಿದ್ದರು.

“ಒಂದ ಸಲ,” ಎಂದರು ಇವರು. “ಒಂದ ಚೆಂಡು ಗಾಳಿಗೆ ಏಳಲಿ. ಆಮ್ಯಾಲ ಮೊಣಕಾಲು ಏನರ ಆಗಲಿ.”

ತುಪ್ಪದ ಸಮುದ್ರ

ಸಮುದ್ರ ನೋಡುವ ಆಸೆ ಇಂದು ನಿನ್ನೆಯದಲ್ಲ. ಮದುವೆಯಾದ ಹೊಸದರಲ್ಲಿ, ಒಂದು ಕೈಚೀಲ ಮತ್ತು ಒಂದು ಕೊಡೆಯೊಂದಿಗೆ ನಾವಿಬ್ಬರೂ ಕರಾವಳಿಗೆ ಹೊರಟಿದ್ದೆವು. ಬಸ್ಸು ಬದಲಿಸಲು ಹರಪನಹಳ್ಳಿಯಲ್ಲಿ ಇಳಿದಾಗ ನನ್ನ ದೊಡ್ಡಮ್ಮ ಎದುರಾದಳು.

“ಎಲ್ಲಿಗೆ ಹೊಂಟೀರವ್ವ?”

“ಸಮುದ್ರ ನೋಡಾಕ, ದೊಡ್ಡಮ್ಮ.”

“ಅಲ್ಲಿ ನಮ್ಮೋರು ಯಾರದಾರ?”

“ಯಾರೂ ಇಲ್ಲ.”

“ನಮ್ಮೋರು ಯಾರೂ ಇಲ್ಲದ ಊರಿಗೆ ಯಾಕ ಹೋಗ್ತೀರಿ? ಸಮುದ್ರ ಎಲ್ಲಿಗೂ ಓಡಿ ಹೋಗಂಗಿಲ್ಲ. ಮನಿಯಾಗ ಹೋಳಿಗಿ ಆರತಾವ, ನಡೀರಿ.”

ಕೈಚೀಲ ಆಗಲೇ ಅವಳ ಕೈಯಲ್ಲಿತ್ತು. ಐದು ದಿನ ಇಟ್ಟುಕೊಂಡಳು. ಬೆಳಿಗ್ಗೆ ಹೊರಟು ನಿಂತರೆ ಮಧ್ಯಾಹ್ನದ ಊಟಕ್ಕೆ ನಿಲ್ಲಿಸುವಳು. ಮಧ್ಯಾಹ್ನ ಹೊರಟರೆ ಬಿಸಿಲು ಇಳಿಯಲಿ ಎನ್ನುವಳು. ರಜೆಯೆಲ್ಲ ಅಲ್ಲಿಯೇ ತೀರಿತು. ಅವಳಂತೆ ಬಸ್ ನಿಲ್ದಾಣದಿಂದ ಜನರನ್ನು ಕೈಹಿಡಿದು ಎಳೆದೊಯ್ಯುವವರು ಈಗ ಯಾರಿದ್ದಾರೆ! ಊರಿಗೆ ಮರಳಿದ ಮೇಲೆ ನನ್ನ ಅತ್ತೆ ಮಗನನ್ನು ಕೇಳಿದರು: “ಹೆಂಗಿತ್ತಪ ಸಮುದ್ರ?”

ಇವರು ಹೊಟ್ಟೆ ಸವರಿಕೊಳ್ಳುತ್ತ ಹೇಳಿದರು: “ತುಪ್ಪ ಸ್ವಲ್ಪ ಜಾಸ್ತಿ ಆಗಿತ್ತವ್ವ.”

ಯಾವ ಕೋರ್ಸು?

ಈ ಸಲದ ಪ್ರವಾಸದ ಸುದ್ದಿ ನಮ್ಮ ಓಣಿಯಲ್ಲಿ ಹರಡಿದ್ದು ಪಕ್ಕದ ಮನೆಯಾಕೆಯ ಮೂಲಕ. ಕಾಂಪೌಂಡಿನ ಆಚೆಯಿಂದ ಕೇಳಿದಳು: “ಸರ್ ಎಲ್ಲಿಗೋ ಹೊಂಟಾರಂತಲ್ರಿ?”

“ಗಾಲ್ಫ್ ಕೋರ್ಸಿಗೆ,” ಎಂದೆ.

“ರಿಟೈರ್ ಆದ ಮ್ಯಾಲೂ ಕೋರ್ಸಾ? ಎಷ್ಟು ತಿಂಗಳದು?”

“ಮೂರು ದಿನದ್ದು. ಅದು ಓದೋ ಕೋರ್ಸಲ್ಲ, ಚೆಂಡು ಹೊಡಿಯೋ ಜಾಗ. ಸಮುದ್ರದ ದಂಡಿಗೈತಿ.”

ಸಮುದ್ರವೆಂದೊಡನೆ ಅವಳ ಮುಖ ಅರಳಿತು. “ಗಲ್ಫ್ ಅನ್ರಿ ಮತ್ತ! ನಮ್ಮ ತಂಗಿ ಮಗ ಅಲ್ಲೇ ಅದಾನ. ಅವನೂ ಸಮುದ್ರದ ದಂಡಿಗೇ ಐತಂತ ಹೇಳ್ತಿದ್ದ.”

ಗಾಲ್ಫ್ ಬೇರೆ, ಗಲ್ಫ್ ಬೇರೆ ಎಂಬುದನ್ನು ನಾನು ಅಕ್ಷರ ಬಿಡಿಸಿ ವಿವರಿಸಿದೆ. ಗ್ರಂಥಾಲಯದಲ್ಲಿ ಮೂರು ದಶಕ ಪುಸ್ತಕಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದವಳು ನಾನು. ಒಂದು ದೀರ್ಘದ ವ್ಯತ್ಯಾಸ ನನಗೆ ಸಣ್ಣದಲ್ಲ. ಆಕೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡಳು. ಹೊರಡುವ ಬೆಳಿಗ್ಗೆ ಶೇಂಗಾ ಚಟ್ನಿಪುಡಿಯ ದೊಡ್ಡ ಡಬ್ಬಿ ತಂದು ನನ್ನ ಕೈಗಿತ್ತಳು.

“ನೀವು ಹೇಳಿದ್ದು ತಿಳೀತ್ರಿ, ಅವೆರಡೂ ಬ್ಯಾರೆ ಬ್ಯಾರೆ. ಆದ್ರೂ ಇಟಗೊಂಡಿರ್ರಿ, ಎಲ್ಲೆರ ಹುಡುಗ ಎದುರಿಗೆ ಸಿಕ್ಕರ ಕೊಡಾಕ ಬರತೈತಿ.”

ಕುರಿ ಇಲ್ಲದ ಹುಲ್ಲು

ಹೋಗುವ ಮುನ್ನ ಅಭ್ಯಾಸ ಬೇಡವೇ? ಕೂಡ್ಲಿಗಿ ರಸ್ತೆಯ ಪಕ್ಕದಲ್ಲಿ ಶೇಂಗಾ ಕಿತ್ತು ಖಾಲಿಯಾಗಿದ್ದ ನಮ್ಮ ಪರಿಚಯದವರ ಹೊಲದಲ್ಲಿ ಇವರು ಪ್ರತಿದಿನ ಮುಂಜಾನೆ ಹಳೆಯ ಕೊಡೆಯನ್ನು ತಲೆಕೆಳಗಾಗಿ ಹಿಡಿದು, ಅದರ ಡೊಂಕು ಹಿಡಿಕೆಯಿಂದ ರಬ್ಬರ್ ಚೆಂಡನ್ನು ಹೊಡೆಯತೊಡಗಿದರು. ಹೊಡೆಯತೊಡಗಿದರು ಎಂಬುದು ಗೌರವಕ್ಕಾಗಿ ಬರೆದ ಮಾತು. ಕೊಡೆ ಚೆಂಡಿನ ಮೇಲಿನಿಂದ ಹಾದುಹೋಗುತ್ತಿತ್ತು. ಚೆಂಡು ಇದ್ದಲ್ಲಿಯೇ ಇರುತ್ತಿತ್ತು. ಕೋನದ ಲೆಕ್ಕ ಮಾತ್ರ ಒಂದು ಡಿಗ್ರಿಯೂ ತಪ್ಪುತ್ತಿರಲಿಲ್ಲ.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಮೂರು ದಿನ ದೂರದಿಂದಲೇ ನೋಡಿದರು. ನಾಲ್ಕನೆಯ ದಿನ ಹತ್ತಿರ ಬಂದು, “ಸರ, ಹಾವೇನಾದ್ರೂ ಐತೇನ್ರಿ?” ಎಂದರು.

ಇವರು ಫೋನಿನಲ್ಲಿ ಆ ಮೈದಾನದ ಚಿತ್ರ ತೋರಿಸಿ ಆಟವನ್ನು ವಿವರಿಸಿದರು. ಹಿರಿಯರ ದೃಷ್ಟಿ ಚೆಂಡಿನ ಮೇಲಿರಲಿಲ್ಲ.

“ಇಷ್ಟು ಹುಲ್ಲು! ಯಾರಿಗೆ ಬೆಳಸ್ಯಾರ್ರಿ?”

“ಯಾರಿಗೂ ಇಲ್ಲ. ಚೆಂಡು ಉರುಳಾಕ.”

“ದನಾ ಬಿಡ್ತಾರ?”

“ಇಲ್ಲ.”

“ಕುರಿ?”

“ಅವನ್ನೂ ಬಿಡಂಗಿಲ್ಲ.”

“ಮತ್ತ ಹುಲ್ಲು ಎತ್ತರ ಆದ್ರ?”

“ಮಷೀನಿನಿಂದ ಕೊಯ್ದು ಆಚಿಗೆ ಒಗಿತಾರ.”

ಹಿರಿಯರು ತಮ್ಮ ಕುರಿಗಳ ಕಡೆಗೊಮ್ಮೆ ನೋಡಿದರು. ಆಮೇಲೆ ಕಂಬಳಿಯನ್ನು ಹೆಗಲಿಗೇರಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: “ಸರ, ನೀವು ಓದಿದವರು, ನಿಮಗ ನಾನು ಹೇಳಬಾರದು. ಆದ್ರೂ ಹೋಗಬ್ಯಾಡ್ರಿ. ಅವರು ಚಲೋ ಮಂದಿ ಅಲ್ಲ.”

ವೈದ್ಯರ ಚೀಟಿ

ವಿಹಾರಧಾಮದಿಂದ ತುಂಬಿ ಕಳಿಸಬೇಕಾದ ಅರ್ಜಿಯೊಂದು ಬಂತು. ಅದರಲ್ಲಿ ‘ಹ್ಯಾಂಡಿಕ್ಯಾಪ್ ಪ್ರಮಾಣಪತ್ರ’ ಎಂಬ ಅಂಕಣವಿತ್ತು. ಇವರು ಅದನ್ನು ಖಾಲಿ ಬಿಡೋಣವೆಂದರು. ಅರ್ಜಿಯಲ್ಲಿ ಒಂದು ಅಂಕಣ ಖಾಲಿಯಿದ್ದರೂ ನನಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ಹಗರಿಬೊಮ್ಮನಹಳ್ಳಿಯಲ್ಲಿ ವೈದ್ಯನಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯ ಬಳಿಗೆ ಇವರನ್ನು ಕರೆದೊಯ್ದೆ.

“ಅಂಗವಿಕಲತೆ ಏನೂ ಇಲ್ಲಂತ ಬರಕೊಡಪ,” ಎಂದರು ಇವರು.

ಶಿಷ್ಯ ಪೆನ್ನು ಕೆಳಗಿಟ್ಟ. “ಸರ್, ನಿಮ್ಮ ಎರಡೂ ಮೊಣಕಾಲು ಆಪರೇಷನ್‌ಗೆ ಬರಕೊಟ್ಟವನೇ ನಾನು. ಈಗ ಏನೂ ಇಲ್ಲಂತ ಹೆಂಗ ಬರೀಲ್ರಿ?”

“ಹಂಗಾರ ಐತಿ ಅಂತ ಬರಿ. ಆದ್ರ ಭಾಳ ಐತಿ ಅಂತ ಬರೀಬ್ಯಾಡ. ಚೆಂಡು ಹೊಡಿಯಾಕ ಬಿಡಬೇಕಲ್ಲ.”

ಗುರುವಿಗೆ ಸಲ್ಲಿಸಬೇಕಾದ ಗೌರವ ಮತ್ತು ವೃತ್ತಿಗೆ ಸಲ್ಲಿಸಬೇಕಾದ ಸತ್ಯ ಎರಡನ್ನೂ ಕಾಪಾಡಿ ಆತ ಬರೆದುಕೊಟ್ಟ: ‘ಎರಡೂ ಮೊಣಕಾಲು ಸವೆದಿವೆ. ಚೆಂಡು ಹೊಡೆಯುವ ಉತ್ಸಾಹ ಸವೆದಿಲ್ಲ.’

ಕರಾವಳಿಯಲ್ಲಿ ನಮಗೆ ಆಟ ಕಲಿಸಲು ಬಂದ ತರುಣಿ ಆ ಚೀಟಿಯನ್ನು ಎರಡು ಸಲ ಓದಿದಳು. “ಸರ್, ಇದು ಆರೋಗ್ಯದ ವಿಷಯ ಅಲ್ಲ ಮಾರಾಯ್ರೆ. ಪಳಗಿದವರಿಗಿಂತ ನಿಮಗೆ ಎಷ್ಟು ಹೊಡೆತ ಹೆಚ್ಚು ಬೇಕು ಅಂತ ತೋರಿಸುವ ಅಂಕೆ ಉಂಟಲ್ಲ, ಅದಕ್ಕೆ ಹ್ಯಾಂಡಿಕ್ಯಾಪ್ ಅನ್ನುವುದು. ನಿಮ್ಮದು ಎಷ್ಟು?”

ಇವರು ಮೂರು ದಿನಗಳ ವೇಳಾಪಟ್ಟಿಯನ್ನು ತಿರುವಿ ನೋಡಿ ಹೇಳಿದರು: “ಇಲ್ಲಿ ಎಷ್ಟು ಚೆಂಡು ಅದಾವ, ಅಷ್ಟು.”

ಎರಡು ಚಾಪೆಗಳು

ಮೊದಲ ದಿನ ಇವರ ಕೋಲು ಗಾಳಿಯನ್ನಷ್ಟೇ ಹೊಡೆಯಿತು. ಎರಡನೆಯ ದಿನ ಗಾಳಿಯ ಜೊತೆಗೆ ನೆಲವನ್ನೂ ಹೊಡೆಯಿತು. ಚೆಂಡುಗಳು ಉರುಳಿದವು, ಪಕ್ಕಕ್ಕೆ ಹೊರಳಿದವು, ಒಂದು ಹಿಂದಕ್ಕೂ ಬಂತು; ಮೇಲಕ್ಕೆ ಮಾತ್ರ ಏಳಲಿಲ್ಲ.

“ಸರ್, ಹೊಡೆಯುವ ಮೊದಲೇ ನೀವು ತಲೆ ಎತ್ತುವುದು ಯಾಕೆ?” ಎಂದು ಆ ತರುಣಿ ಕೇಳುತ್ತಲೇ ಇದ್ದಳು. “ಚೆಂಡು ಕೆಳಗೆ ಉಂಟು.”

“ಅದು ಹೋಗೋ ದಾರಿ ಮ್ಯಾಲೈತಲ್ಲಮ್ಮ,” ಎನ್ನುತ್ತಿದ್ದರು ಇವರು.

ನಾನು ಕೊಡೆ ಬಿಚ್ಚಿ ಬೆಂಚಿನ ಮೇಲೆ ಕುಳಿತಿದ್ದೆ. ಎದುರಿಗೆ ಹುಲ್ಲು, ಅದರಾಚೆ ಸಾಲು ಗಾಳಿಮರ, ಮರಗಳ ಸಂದಿಯಲ್ಲಿ ಹೊಳೆಯುವ ಸಮುದ್ರ. ಮದುವೆಯಾದ ಹೊಸದರಲ್ಲಿ ನೋಡಬೇಕಾಗಿದ್ದ ಸಮುದ್ರವನ್ನು ನಾನು ಕೂದಲು ನೆರೆತ ಮೇಲೆ ನೋಡುತ್ತಿದ್ದೆ. ಆದರೆ ಕಣ್ಣು ಮತ್ತೆ ಮತ್ತೆ ಇವರ ಮೊಣಕಾಲಿನ ಕಡೆಗೇ ಹೋಗುತ್ತಿತ್ತು. ಮೂರನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಅವು ಊದಿಕೊಂಡಿದ್ದವು. ಇವರು ತಮಾಷೆ ಮಾಡುವುದನ್ನೂ ನಿಲ್ಲಿಸಿದ್ದರು.

ಸಂಜೆ ಬುಟ್ಟಿಯಲ್ಲಿ ಎರಡೇ ಚೆಂಡು ಉಳಿದವು. ದಂಪತಿಗಳ ನೆನಪಿಗಾಗಿ ವಿಡಿಯೊ ತೆಗೆಯುವುದು ಅಲ್ಲಿಯ ಪದ್ಧತಿಯಂತೆ. ಇಬ್ಬರೂ ಒಟ್ಟಿಗೆ ಹೊಡೆಯಬೇಕೆಂದು ಆ ತರುಣಿ ಹಟ ಹಿಡಿದಳು. ನಾನು ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ಹೊಡೆಯುವವರು ನಿಲ್ಲಲೆಂದು ಹಾಸಿದ್ದ ಚಾಪೆಗಳಲ್ಲಿ ಇವರ ಪಕ್ಕದ್ದರ ಮೇಲೆ ನಿಂತೆ. ಅವಳು ನಮ್ಮ ಹಿಂದೆ ನಿಂತು ಫೋನು ಹಿಡಿದಳು.

“ಏ, ಕೋಲು ನನ್ನ ಕಾಲಿಗೆ ಬಡದೀಯ, ಹುಷಾರು!” ಎಂದರು ಇವರು.

“ಬಡದ್ರ ಮುಂದಿನ ವಾರ ಹೆಂಗೂ ಆಪರೇಷನ್ ಐತಿ, ಸುಮ್ನ ನಿಂದ್ರಿ,” ಎಂದೆ.

“ಒಂದು, ಎರಡು, ಮೂರು!”

ನಾನು ಕಣ್ಣು ಮುಚ್ಚಿ ಬೀಸಿದೆ. ‘ಟಕ್’ ಎಂಬ ಸದ್ದಾಯಿತು. ಕಣ್ಣು ತೆರೆದಾಗ ಒಂದು ಬಿಳಿ ಚುಕ್ಕೆ ಗಾಳಿಮರಗಳ ನೆತ್ತಿಯ ಮೇಲೆ ತೇಲುತ್ತಿತ್ತು.

“ನಂದು! ಎದ್ತು, ನೋಡು, ಎದ್ತು! ನಲವತ್ತೈದು ಡಿಗ್ರಿ!” ಇವರು ಕೋಲು ಬಿಸಾಡಿ ಚಾಪೆಯ ಮೇಲೆ ಕುಳಿತುಬಿಟ್ಟರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. “ಇನ್ನ ಕೊಯ್ಯಲಿ ಬಿಡು,” ಎಂದರು. ನನ್ನ ಚೆಂಡು ಎಲ್ಲಿ ಹೋಯಿತೆಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ಹೇಳುವಾಗ ಚೆಂಡು ಮರಗಳನ್ನು ದಾಟಿತ್ತು. ಕೊಟ್ಟೂರಿಗೆ ಬರುವಷ್ಟರಲ್ಲಿ ಮರಳನ್ನೂ ದಾಟಿ ಸಮುದ್ರಕ್ಕೆ ಬಿತ್ತು. ಹಡಗಲಿಯಿಂದ ಯೋಗಕ್ಷೇಮ ವಿಚಾರಿಸಲು ಬಂದ ನೆಂಟರ ಮುಂದೆ ಅದು ಬಿದ್ದ ಜಾಗದಲ್ಲಿ ದೋಣಿಯೊಂದು ಅಲ್ಲಾಡಿತು. ಎಲ್ಲರೂ ಹೋದ ಮೇಲೆ ನಾನು ಆ ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ, ವೇಗ ತಗ್ಗಿಸಿ, ಪರದೆಯ ಮೇಲೆ ಅಡಿಪಟ್ಟಿ ಇಟ್ಟು ನೋಡಿದೆ. ಮನಸ್ಸು ಒಪ್ಪದೆ ಮರುದಿನ ಇನ್ನೊಮ್ಮೆ ನೋಡಿದೆ.

ಇವರಿಗೆ ಹೇಳಿಲ್ಲ. ನಾನು ಬರೆದದ್ದನ್ನು ಇವರು ತಮ್ಮ ಗೆಲುವು ಬರುವವರೆಗೆ ಓದಿ ಕನ್ನಡಕ ತೆಗೆದಿಡುವವರು. ಆದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ. ವಿಡಿಯೊದಲ್ಲಿ ಎಡಗಡೆಯ ಚಾಪೆಯ ಮೇಲೆ ಇವರಿದ್ದಾರೆ. ತಲೆ ಆಗಲೇ ಮೇಲೆದ್ದಿದೆ, ಕಣ್ಣು ಆಕಾಶದಲ್ಲಿದೆ. ಎಡ ಚಾಪೆಯ ಚೆಂಡು ಮೆಲ್ಲಗೆ ಉರುಳಿ ಚರಂಡಿಗೆ ಇಳಿಯುತ್ತದೆ. ಗಾಳಿಮರ ದಾಟಿದ ಚೆಂಡು ಎದ್ದದ್ದು ಬಲಗಡೆಯ ಚಾಪೆಯಿಂದ.