ಅತ್ಯಾ ಗ್ರಹಣಕ್ಕೆ ಒಯ್ದ ಒನಕೆ

ಸೂರ್ಯನಿಗೂ ನಮ್ಮ ಅತ್ಯಾಗೂ ಜಗಳವಿತ್ತು. ಮೊದಲು ಕೆಣಕಿದವರು ಯಾರು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಗ್ರಹಣದ ದಿನ ಹಳಿಯಾಳದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತರೆ, ಬಾಗಿಲು ತೆರೆದು ಅಂಗಳಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಿದ್ದವಳು ಅವಳೊಬ್ಬಳೇ. ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದ ಗೌಳಿಗನನ್ನು ನೋಡುವ ನೋಟ ಅದು. ಇಷ್ಟು ಖಚಿತ.

ಖಚಿತ ಎಂದೆನೆ? ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದಿದವನು. ಎಲ್ಲವನ್ನೂ ಅನುಮಾನಿಸಬೇಕೆಂದು ಅಲ್ಲಿ ಕಲಿತೆ. ದೇವರು, ದೆವ್ವ, ಪಂಚಾಂಗ, ಸರಕಾರ ಎಲ್ಲವನ್ನೂ ಅನುಮಾನಿಸಿ ಮುಗಿಸಿದ ಮೇಲೆ ಈಗ ಉಳಿದಿರುವುದು ನನ್ನ ನೆನಪೊಂದೇ. ನಿದ್ದೆ ಬಾರದೆ ಮಗ್ಗುಲು ಬದಲಿಸುವಾಗೆಲ್ಲ ಅದನ್ನು ಪಾಟೀಸವಾಲಿಗೆ ನಿಲ್ಲಿಸುತ್ತೇನೆ. ಅದು ಪ್ರತಿ ಸಲವೂ ಬೇರೆ ಉತ್ತರ ಕೊಡುತ್ತದೆ. ಆದ್ದರಿಂದ ಮುಂದಿನದನ್ನೆಲ್ಲ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಬೇಕು.

ಅತ್ಯಾ ನಮ್ಮ ಅಪ್ಪನ ಹಿರಿಯಕ್ಕ. ಇನ್ನೂ ಹುಡುಗಿಯಾಗಿದ್ದಾಗಲೇ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದ್ದರು. ಗಂಡನ ಮನೆಯಿಂದ ಅವಳು ತಂದದ್ದು ಒಂದು ಒನಕೆ. "ಬಂಗಾರ ಅವರು ಇಟಗೊಂಡ್ರು, ಒನಕಿ ನಾ ತಗೊಂಡೆ. ಬರೋಬ್ಬರಿ ಆತು" ಎನ್ನುತ್ತಿದ್ದಳು. ಆ ಒನಕೆ ನಡುಮನೆಯ ಮೂಲೆಯಲ್ಲಿ ನಿಂತಿರುತ್ತಿತ್ತು. ಅದರಿಂದ ಯಾರೂ ಏನನ್ನೂ ಕುಟ್ಟುವ ಹಾಗಿರಲಿಲ್ಲ. ಹೊಸದಾಗಿ ಬಂದ ಸೊಸೆ, ಅಂದರೆ ನಮ್ಮ ಅವ್ವ, ಒಮ್ಮೆ ಮೆಣಸಿನಕಾಯಿ ಕುಟ್ಟಲೆಂದು ಅದಕ್ಕೆ ಕೈ ಹಾಕಿದಾಗ ಅತ್ಯಾ ಹೇಳಿದಳಂತೆ:

"ಅದನ್ನ ಬಿಡವಾ. ಅದು ಸಾಕ್ಷಿ ಹೇಳೂದದ. ಅದರ ಬಾಯಾಗ ಖಾರ ಹಾಕಬ್ಯಾಡ."

ಬೋಳು ತಲೆಯ ಹೆಂಗಸು ಎದುರಾದರೆ ಹೊರಟವರು ತಿರುಗಿ ಒಳಗೆ ಹೋಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದ ಕಾಲ ಅದು. ಬೇರೆ ಯಾರಾದರೂ ಆಗಿದ್ದರೆ ಮೂಲೆ ಸೇರಿ ಅಳುತ್ತಿದ್ದರು. ಅತ್ಯಾ ಆ ಅಪಶಕುನವನ್ನೇ ಮಾಮಲೇದಾರನ ಅಧಿಕಾರದಂತೆ ಚಲಾಯಿಸಿದಳು. ಅಪ್ಪ ದಾಂಡೇಲಿಯ ಮರದ ಡಿಪೋದಲ್ಲಿ ಕಾರಕೂನ. ಒಂದು ಮಳೆಗಾಲ ಮೈ ಕೆಂಡದಂತೆ ಸುಡುತ್ತಿದ್ದರೂ, ಸಾಹೇಬರ ಕರೆ ಬಂದಿದೆಯೆಂದು ಕೋಟು ಹಾಕಿಕೊಂಡು ಹೊರಟ. ಅವ್ವನ ಮಾತು ನಡೆಯಲಿಲ್ಲ. ಅತ್ಯಾ ಬಂದು ಹೊಸ್ತಿಲಾಚೆ ನಿಂತಳು.

"ಅಕ್ಕಾ, ಅಡ್ಡ ನಿಂದರಬ್ಯಾಡ."

"ಅಡ್ಡ ಎಲ್ಲೆ ನಿಂತೀನೋ? ಎದುರು ನಿಂತೀನಿ."

ಅಪ್ಪ ಒಳಗೆ ಹೋಗಿ ನೀರು ಕುಡಿದು ಹಿತ್ತಲ ಬಾಗಿಲಿಗೆ ಬಂದ. ಅಲ್ಲಿಯೂ ಅತ್ಯಾ. ಮತ್ತೆ ನೀರು, ಮತ್ತೆ ಮುಂಬಾಗಿಲು, ಮತ್ತೆ ಅತ್ಯಾ. ಕೊನೆಗೆ ಹೊಟ್ಟೆ ತುಂಬ ನೀರು ತುಂಬಿಕೊಂಡು ಅಪ್ಪ ಕೋಟಿನ ಸಮೇತ ಹಾಸಿಗೆಯ ಮೇಲೆ ಬಿದ್ದ. "ಅಪಶಕುನ ಆಗೂದ್ರಾಗೂ ಒಂದು ಉಪಯೋಗ ಅದ ನೋಡವಾ" ಎಂದು ಅವ್ವನಿಗೆ ಹೇಳಿ ಅತ್ಯಾ ಕಷಾಯ ಕುದಿಸಲು ಹೋದಳು.

ಇನ್ನು ಆ ಒನಕೆಯ ಸುದ್ದಿ. ನಮ್ಮ ಕಡೆ ಗ್ರಹಣ ಹಿಡಿದದ್ದು ಗೊತ್ತಾಗಲು ಮೇಲೆ ನೋಡಬೇಕಿಲ್ಲ, ಕೆಳಗೆ ನೋಡಿದರೆ ಸಾಕು. ಹಿತ್ತಾಳೆಯ ಅಗಲ ತಟ್ಟೆಯಲ್ಲಿ, ಅಂದರೆ ಪರಾತದಲ್ಲಿ, ನೀರು ಹಾಕಿ ನಡುವೆ ಒನಕೆ ಇಡುತ್ತಾರೆ. ಗ್ರಹಣ ಇರುವ ತನಕ ಅದು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ. ಇದು ನಂಬಿಕೆ. ನಾನು ರಜೆಗೆ ಬಂದಿದ್ದಾಗ, ಏನೂ ವಿಶೇಷವಿಲ್ಲದ ಒಂದು ಮಂಗಳವಾರ, ಮೋಡ ಕವಿದ ಮಧ್ಯಾಹ್ನ, ಅತ್ಯಾ ಅಂಗಳದಲ್ಲಿ ಪರಾತವಿಟ್ಟು ಅದರಲ್ಲಿ ಒನಕೆ ನಿಲ್ಲಿಸಿದಳು. ನಿಂತಿತು. ನೀರಿಗೆ ಹೊರಟಿದ್ದ ನೆರೆಮನೆಯವಳು ಅದನ್ನು ಕಂಡು, ಕೊಡ ಅಲ್ಲೇ ಬಿಟ್ಟು ಓಡಿದಳು. ಅರೆಗಳಿಗೆಯಲ್ಲಿ ಓಣಿಯ ಉಪ್ಪಿನಕಾಯಿ ಭರಣಿಗಳ ಮೇಲೆಲ್ಲ ದರ್ಭೆ ಬಿತ್ತು. ಬಸುರಿಯರನ್ನು ಕತ್ತಲೆ ಕೋಣೆಗೆ ಹಾಕಿದರು. ಪುರೋಹಿತರು ಉಟ್ಟ ಧೋತರದಲ್ಲೇ ಬಾವಿಯ ನೀರು ಸುರಿದುಕೊಂಡು, ತೊಪ್ಪೆಯಾಗಿ ನಮ್ಮ ಬಾಗಿಲಿಗೆ ಬಂದರು.

"ಅವ್ವಾರ, ಪಂಚಾಂಗದಾಗ ಗ್ರಹಣ ಇಲ್ಲಲ್ಲರೀ?"

"ಇಲ್ಲ ಆಚಾರ್ಯ. ಆದರ ಒನಕಿಗೆ ಓದ್ಲಿಕ್ಕೆ ಬರೂದಿಲ್ಲ. ಅದಕ್ಕ ಹೆಂಗ ಗೊತ್ತಾಗಬೇಕು?"

ನಾನು ಬಿ.ಎಸ್ಸಿ.ಯ ಹುಮ್ಮಸ್ಸಿನಲ್ಲಿ ಮುಂದೆ ಬಂದು, ಒನಕೆಯ ತಳ ಸಪಾಟಾಗಿರುವುದನ್ನೂ ಭಾರದ ನೇರವನ್ನೂ ವಿವರಿಸಿ, ಸೂರ್ಯನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಭಾಷಣ ಬಿಗಿದೆ. ಪುರೋಹಿತರು ಸೀನಿದರು. ಅತ್ಯಾ ಮಾತ್ರ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರ ಅವತ್ತೂ ಇದು ಸುಮ್ಮನ ನಿಂತಿತ್ತೇನೋ?" ಎಂದಳು. ಯಾವತ್ತು ಎಂದು ನಾನು ಕೇಳುವುದರೊಳಗೆ ಒಳಗೆ ಹೋಗಿಬಿಟ್ಟಿದ್ದಳು.

ಯಾವತ್ತು ಎಂದು ಅವ್ವ ಹೇಳಿದಳು, ಅಡುಗೆಮನೆಯಲ್ಲಿ, ದನಿ ತಗ್ಗಿಸಿ.

ಮುಂಡಗೋಡದ ಹತ್ತಿರ ಪಾಳಾ ಎಂಬ ಊರು, ಅಲ್ಲಿ ಅತ್ಯಾಳ ಗಂಡನ ಮನೆ. ಅತ್ಯಾ ತುಂಬಿದ ಬಸುರಿ. ಆಗ ದೊಡ್ಡ ಗ್ರಹಣವೊಂದು ಬಂತು. ನಡುಹಗಲಿಗೇ ಹಕ್ಕಿಗಳು ಗೂಡಿಗೆ ಮರಳಿದವಂತೆ. ಬಸುರಿ ಅಲುಗಾಡಬಾರದೆಂದು ಅವಳನ್ನು ಕತ್ತಲೆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಹುಡುಗುಬುದ್ಧಿ, ಹಿತ್ತಲಿಗೆ ನುಸುಳಿ ಬಂದು ಮೇಲೆ ನೋಡಿದಳು. ಅತ್ತೆ ಹುಡುಕಿಕೊಂಡು ಬಂದು ರಟ್ಟೆ ಹಿಡಿದು ಒಳಗೆಳೆದು, ಪರಾತದಲ್ಲಿ ನಿಂತಿದ್ದ ಒನಕೆ ತೋರಿಸಿ, "ನೋಡು, ಕಟ್ಟಿಗಿಗೂ ತಿಳೀತದ, ನಿನಗ ತಿಳಿಯೂದಿಲ್ಲ" ಎಂದಳು. ಕೂಸು ಹುಟ್ಟಿತು, ಮೇಲ್ದುಟಿ ಸೀಳಿತ್ತು. ಮೊಲೆ ಹಿಡಿಯಲು ಬರಲಿಲ್ಲ. ಹೋಯಿತು. ಹಿಂದಿನಿಂದಲೇ ಪ್ಲೇಗು ಬಂತು. ಊರಿನ ಎಷ್ಟೋ ಜನ ಪ್ಲೇಗಿನಿಂದ ಸತ್ತರು. ಅತ್ಯಾಳ ಗಂಡ ಮಾತ್ರ ಗ್ರಹಣದಿಂದ ಸತ್ತನೆಂದು ಆ ಮನೆಯಲ್ಲಿ ತೀರ್ಪಾಯಿತು.

ಅಂದಿನಿಂದ ಅವಳಿಗೆ ಬೇಕಾಗಿದ್ದುದು ಒಂದೇ: ತನ್ನ ಕೂಸನ್ನು ತಾನು ಕೊಂದೆನೋ ಇಲ್ಲವೋ ಎಂಬುದು ಗೊತ್ತಾಗಬೇಕು.

ಮಹಾಯುದ್ಧ ನಡೆದಿದ್ದಾಗ, ಆಷಾಢದ ಅಮಾವಾಸ್ಯೆಗೆ ಮತ್ತೊಂದು ದೊಡ್ಡ ಗ್ರಹಣ ಬರುವುದೆಂದು ಸುದ್ದಿಯಾಯಿತು. ಸೂರ್ಯ ಪೂರ್ತಿ ಮರೆಯಾಗುತ್ತಾನೆಂದು ಪುರೋಹಿತರು ಸಾರಿದರು. ಇಲ್ಲ, ಬಳೆಯಂತೆ ಅಂಚು ಉಳಿಯುತ್ತದೆ, ಅದೂ ನಮ್ಮಿಂದ ದೂರ ಉತ್ತರದಲ್ಲಿ, ಎಂದು ಪತ್ರಿಕೆ ಬರೆಯಿತು. ನಾನು ಪತ್ರಿಕೆಯ ಪಕ್ಷ. ಅತ್ಯಾ ಎರಡೂ ಪಕ್ಷಗಳನ್ನು ಬದಿಗಿಟ್ಟು ಗಂಟು ಕಟ್ಟಿದಳು.

"ಪಾಳಾಕ್ಕ ಹೋಗೂಣು ನಡಿ. ಅದ ಹಿತ್ತಲಾ, ಅದ ಒನಕಿ, ಅದ ಸೂರ್ಯ. ನಿಂತು ನೋಡತೀನಿ. ಏನ ಮಾಡತದೋ ಮಾಡಲಿ. ಏನೂ ಮಾಡಲಿಲ್ಲಂದ್ರ, ಅವತ್ತೂ ಮಾಡಿಲ್ಲ."

"ಜೋಯಿಡಾದ ಕಡೆಯಿಂದ ಮೋಡ ಹೆಂಗ ಬರಲಿಕ್ಕೆ ಹತ್ಯಾವ ನೋಡಕ್ಕಾ, ಸೂರ್ಯ ಕಾಣೂದಿಲ್ಲ" ಎಂದ ಅಪ್ಪ.

"ಅದಕ್ಕ ಪಾಳಾಕ್ಕ ಹೊಂಟೀನಿ. ಅಲ್ಲೆ ಅಡವಿ ಇಲ್ಲ, ಬಯಲದ. ಸೂರ್ಯಗ ಅಡಗಲಿಕ್ಕೆ ಜಾಗಾ ಇಲ್ಲ."

ಈ ಪ್ರಯೋಗದಲ್ಲಿ ದೊಡ್ಡದೊಂದು ತೂತಿತ್ತು. ಬಸುರಿ ನೋಡಿದರೆ ಏನಾಗುತ್ತದೆಂಬ ಪ್ರಶ್ನೆಗೆ ಮುದುಕಿ ನೋಡಿದರೆ ಉತ್ತರ ಸಿಗುವುದೆಂತು? ನನಗದು ಕಂಡಿತ್ತು. ಆದರೂ ಅವಳ ಜೊತೆಗೆ ನಾನೂ ಗಂಟು ಕಟ್ಟಿದೆ.

ಪೆಟ್ರೋಲು ಸಿಗದ ದಿನಗಳು. ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ರೂಢಿಯ ಮಾತು. ಏರು ಬಂದಲ್ಲೆಲ್ಲ ನಾವಿಳಿದು ನೂಕುತ್ತಿದ್ದೆವು. ಡ್ರೈವರ್ ಹಳಿಯಾಳದ ಸಾಬರು, ಮುಖವೆಲ್ಲ ಮಸಿ.

"ಅಜ್ಜಿ, ಒನಕಿ ಕೊಡ್ರಿಲ್ಲೆ, ಟಪ್ಪಿನ ಮ್ಯಾಲೆ ಒಗಿತೇನಿ."

"ಬ್ಯಾಡಪಾ. ಮಳ್ಯಾಗ ತೋಯ್ದು ಉಬ್ಬಿತಂದ್ರ ಹೇಳಿಕಿ ಬದಲಾಗತದ."

"ಪಾಳಾದಾಗ ಒನಕಿ ಇಲ್ಲೇನ್ರಿ?"

"ಒನಕಿ ಅವ. ಸುಳ್ಳು ಹೇಳಿದ್ದು ಮಾತ್ರ ಇದು."

ಡ್ರೈವರ್ ನನ್ನ ಮುಖ ನೋಡಿದರು. ನಾನು ಕಲಘಟಗಿಯ ದಾರಿಯ ಮರಗಳನ್ನು ನೋಡಿದೆ. ಮುಂದಿನ ಏರಿನಲ್ಲಿ ಮೋಟಾರು ಮತ್ತೆ ನಿಂತಾಗ ಅವರೇ, "ಅಜ್ಜಿ, ಸೂರ್ಯಾಗ ನಾಳೆ ಹಿಡಿತೈತಿ, ನನ್ನ ಗಾಡಿಗೆ ಯುದ್ಧ ಸುರು ಆದಾಗಿಂದ ಹಿಡದೈತಿ. ಒನಕಿ ನಿಲ್ಲಿಸಿ ನೋಡ್ರಿ, ಯಾವಾಗ ಬಿಡತೈತಿ ಅಂತ" ಎಂದರು. ಅತ್ಯಾ ನಕ್ಕಳು. ಅವಳು ಆ ಪ್ರಯಾಣದಲ್ಲಿ ನಕ್ಕದ್ದು ಅದೊಂದೇ ಸಲ. ಅಥವಾ ಅದೂ ಕೆಮ್ಮಾಗಿತ್ತೋ ಏನೋ, ಹೊಗೆ ಬಹಳವಿತ್ತು.

ಪಾಳಾದಲ್ಲಿ ನನ್ನ ಸಹಪಾಠಿಯೊಬ್ಬ, ಗೌಡರ ಮಗ, ನಮಗೆ ಆಸರೆ ಕೊಟ್ಟ. ಅತ್ಯಾಳ ಗಂಡನ ಮನೆಯ ಗುರುತು ಕೇಳಿದರೆ ಅವನು ಭತ್ತದ ಗದ್ದೆಯೊಂದನ್ನು ತೋರಿಸಿದ. ಮನೆ ಬಿದ್ದು, ವಂಶವೂ ಅಳಿದು, ನೆಲ ಗೌಡರ ಪಾಲಾಗಿತ್ತು. ಬದುವಿನ ಮೇಲೆ ಕಲ್ಲಿನ ಡೋಣಿಯೊಂದು ಮಾತ್ರ ಓರೆಯಾಗಿ ಬಿದ್ದಿತ್ತು. ಅತ್ಯಾ ಅದನ್ನು ಕೈಯಿಂದ ಸವರಿ, "ದನಕ್ಕ ನೀರು ಇದರಾಗ ಇಡತಿದ್ದೆ. ಇಲ್ಲೇ ನಿಂತಿದ್ದೆ" ಎಂದಳು.

ಮರುದಿನ ಬೆಳಿಗ್ಗೆ ಮೋಡ ತೆಳುವಾಗಿ, ಸೂರ್ಯ ಹಳೆಯ ರೂಪಾಯಿಯಂತೆ ಮಂಕಾಗಿ ಕಂಡ. ಗೌಡರ ಮನೆಯವರು ಬಾಗಿಲು ಹಾಕಿಕೊಂಡರು. ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಆಳುಗಳಿಗೆ ಅಂಥ ಸೌಕರ್ಯವಿರಲಿಲ್ಲ. ನಾನು ಕಂದೀಲಿನ ಮಸಿ ಹಿಡಿಸಿದ ಗಾಜು ಸಿದ್ಧಮಾಡಿಕೊಂಡೆ. ಅತ್ಯಾ ಡೋಣಿಯ ಪಕ್ಕ ನೆಲ ಸಮಮಾಡಿ, ಪರಾತವಿಟ್ಟು, ಒನಕೆ ನಿಲ್ಲಿಸಿ, ಗಾಜು ಹಿಡಿದು ನಿಂತಳು. ಸೂರ್ಯನ ಅಂಚು ಮುರಿಯಿತು. ಬೆಳಕು ಕೆಟ್ಟಿತು, ಗದ್ದೆಯ ಹಸಿರು ಬೂದಿ ಬಳಿದ ಹಾಗಾಯಿತು. ಆಳುಗಳು ಸಸಿಯ ಕಟ್ಟು ಬಿಸಾಡಿ ದನದ ಕೊಟ್ಟಿಗೆಯತ್ತ ಓಡಿದರು. ಒಬ್ಬಳು ಮಾತ್ರ ಹಿಂದೆ ಉಳಿದಳು. ಸಿದ್ದಿ ಜನಾಂಗದ ಹುಡುಗಿ, ದಿನ ತುಂಬಿದ ಬಸುರಿ. ಕೆಸರಿನಿಂದ ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತಿತ್ತು.

ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಹೊಳೆದದ್ದು: ಪ್ರಯೋಗದ ತೂತು ಮುಚ್ಚಿತು. ಅದೇ ಹಿತ್ತಲು, ಅದೇ ಒನಕೆ, ಈಗ ಬಸುರಿಯೂ ಇದ್ದಾಳೆ. ಅತ್ಯಾ ಇನ್ನು ಸುಮ್ಮನೆ ನಿಂತು ನೋಡಿದರೆ ಸಾಕು.

ಅತ್ಯಾ ಗಾಜು ಬಿಸಾಡಿ ಗದ್ದೆಗಿಳಿದಳು.

ಮಡಿಸೀರೆ ಮೊಣಕಾಲ ತನಕ ರಾಡಿಯಾಯಿತು. ಹುಡುಗಿಯ ಹತ್ತಿರ ಹೋಗಿ, ತನ್ನ ತಲೆಯ ಮೇಲಿನ ಸೆರಗು ಸರ್ರನೆ ಎಳೆದು, ಅವಳ ತಲೆ ಹೊಟ್ಟೆ ಎಲ್ಲ ಮುಚ್ಚಿ, ಸೂರ್ಯನಿಗೆ ಬೆನ್ನುಮಾಡಿ ಅವಳ ಮೇಲೆ ಬಾಗಿ ನಿಂತಳು.

"ಮುಟ್ಟಬ್ಯಾಡ್ರಿ ಅಜ್ಜಿ, ನಾ ಸಿದ್ದ್ಯಾರಾಕಿ. ಮೈಯೆಲ್ಲಾ ರಾಡಿ ಐತಿ."

"ಬಾಯಿ ಮುಚ್ಚು. ಮ್ಯಾಲೆ ನೋಡಬ್ಯಾಡ."

"ನೀವು ನೋಡಾಕಂತ ಬಂದೀರಂತಲ್ರಿ, ಗೌಡ್ರು ಅಂದ್ರು."

"ನಾ ಒಮ್ಮೆ ನೋಡೀನಿ. ಸಾಕು."

ಆಮೇಲೆ ಕತ್ತಲಾಯಿತು. ಲೆಕ್ಕದ ಪ್ರಕಾರ ಪಾಳಾದಲ್ಲಿ ಪೂರ್ತಿ ಕತ್ತಲಾಗಲು ಸಾಧ್ಯವೇ ಇರಲಿಲ್ಲ. ಆಮೇಲೆ ಎಷ್ಟು ಸಲ ನೋಡಿದರೂ ಲೆಕ್ಕ ಅದನ್ನೇ ಹೇಳುತ್ತದೆ. ಆದರೆ ನನ್ನ ನೆನಪಿನಲ್ಲಿ ಅಲ್ಲಿ ಕಪ್ಪು ಕವಿದಿದೆ, ಕಪ್ಪೆಗಳು ವಟಗುಟ್ಟುತ್ತಿವೆ, ಆ ಕಪ್ಪಿನ ನಡುವೆ ಅತ್ಯಾಳ ಬರಿ ತಲೆ ಬೆಳ್ಳಗೆ ಕಾಣುತ್ತಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ತಲೆಯನ್ನು ನಾನು ಸೆರಗಿಲ್ಲದೆ ಕಂಡಿರಲಿಲ್ಲ. ಆ ಕತ್ತಲಲ್ಲಿ ಸೂರ್ಯನನ್ನು ನೋಡಿದೆನೇ? ಗೊತ್ತಿಲ್ಲ. ಅಷ್ಟು ದೂರ ಮೋಟಾರು ನೂಕಿಕೊಂಡು ಹೋದದ್ದು ಯಾವುದಕ್ಕಾಗಿಯೋ ಅದನ್ನು ನೋಡಿದ ನೆನಪೇ ನನಗಿಲ್ಲ.

ಬೆಳಕು ಮರಳಿದಾಗ ಒನಕೆ ಕೆಸರಿನಲ್ಲಿ ಬಿದ್ದಿತ್ತು.

"ಯಾವಾಗ ಬಿತ್ತೋ?" ಎಂದಳು ಅತ್ಯಾ, ಬದು ಹತ್ತುತ್ತ.

"ನೋಡಲಿಲ್ಲ ಅತ್ಯಾ."

"ಛಲೋ ವಿಜ್ಞಾನಿ ಇದ್ದೀ" ಎಂದು ಹೇಳಿ, ಒನಕೆಯನ್ನು ಡೋಣಿಯ ಮಳೆನೀರಿನಲ್ಲಿ ತೊಳೆದಳು.

ಮಳೆ ಮುಗಿಯುವ ಹೊತ್ತಿಗೆ ಗೌಡರ ಮಗನಿಂದ ಸುದ್ದಿ ಬಂತು. ಆ ಹುಡುಗಿ ಹಡೆದಿದ್ದಾಳೆ, ಹೆಣ್ಣುಕೂಸು, ತುಟಿ ಮೂಗು ಎಲ್ಲ ನೆಟ್ಟಗಿವೆ, ಅಳುವುದು ಮಾತ್ರ ಊರಾಚೆಗೂ ಕೇಳುತ್ತದೆ. ಅತ್ಯಾ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಕೇಳಿದಳು. ಆಮೇಲೆ ನನ್ನನ್ನು ಕರೆದಳು.

"ನಾ ಮುಚ್ಚಿದ್ದಕ್ಕ ಉಳೀತೋ, ಮುಚ್ಚದಿದ್ರೂ ಏನೂ ಆಗತಿದ್ದಿಲ್ಲೋ?"

"ಏನೂ ಆಗತಿದ್ದಿಲ್ಲ ಅತ್ಯಾ. ಅವತ್ತೂ ಏನೂ ಆಗಿಲ್ಲ. ಗ್ರಹಣದಿಂದ ತುಟಿ ಸೀಳೂದಿಲ್ಲ."

"ನೀ ಹೇಳತಿ ಖರೆ. ಆದರ ನೋಡಲಿಕ್ಕೆ ಒಂದು ಅವಕಾಶ ಇತ್ತು. ನಾನ ಕೆಡಿಸಿಕೊಂಡೆ." ಕೈಯಿಂದ ನೆಲವನ್ನು ಸವರಿದಳು. "ಇನ್ನ ಗೊತ್ತಾಗೂದಿಲ್ಲ. ಹೋಗಲಿ."

ಅವಳು ಎದ್ದಳು. ಮೂಲೆಯ ಒನಕೆ ತೆಗೆದು, ಸೆರಗಿನಿಂದ ಒರೆಸಿ, ಒರಳಿನ ಮುಂದೆ ನಿಂತಳು. "ಏನವಾ, ಮನ್ಯಾಗ ಉತ್ತತ್ತಿ ಅವೇನ? ಒಣಕೊಬ್ಬರಿ, ಅಂಟು?" ಎಂದು ಅಡುಗೆಮನೆಗೆ ಕೂಗಿದಳು. ಅವ್ವ ತಂದುಕೊಟ್ಟಳು. ಪಾಳಾದ ಬಾಣಂತಿಗೆ ಅಂಟಿನ ಉಂಡೆ ಕಳಿಸಬೇಕಿತ್ತು. ಆ ಒನಕೆಯ ಸದ್ದು ನಮ್ಮ ಮನೆಯಲ್ಲಿ ನಾನು ಮೊದಲ ಸಲ ಕೇಳಿದ್ದು ಆ ಮಧ್ಯಾಹ್ನ. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ.