ಟೀವಿಯ ಬೆನ್ನು ಯಾರ ಕಡೆಗೆ?

ಒಂದು ವಸ್ತು ತಂದರೆ ಅದು ಎರಡು ಕೆಲಸಕ್ಕಾದರೂ ಬರಬೇಕು ಎನ್ನುವುದು ನಮ್ಮಂಥ ಸಂಬಳದ ಮಾಸ್ತರರಿಗೆ ಅಂಟಿಕೊಂಡ ರೋಗ. ನಮ್ಮ ಮನೆಯ ದೊಡ್ಡ ಟ್ರಂಕು ಹಗಲು ಟ್ರಂಕು, ರಾತ್ರಿ ಮಂಚ. ಬಂದ ಬೀಗರು ಅದರ ಮೇಲೆ ನಿದ್ದೆಹೋದ ಮೇಲೆ, ಅವರಿಗೆ ಹೊದಿಸಬೇಕಾದ ಕೌದಿ ಆ ಟ್ರಂಕಿನೊಳಗೇ ಇದೆಯೆಂದು ನೆನಪಾಗಿ ಅವರನ್ನು ಎಬ್ಬಿಸಿದ್ದೂ ಉಂಟು. ಊರುಗೋಲೂ ಆಗುತ್ತದೆಂದು ನಾನು ಆರಿಸಿ ತಂದ ಛತ್ರಿ, ಊರಿದಾಗ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಮಳೆಯಲ್ಲಿ ಮಾತ್ರ ಊರುಗೋಲಾಗಿಯೇ ಉಳಿಯುತ್ತಿತ್ತು. ನನ್ನ ಹೆಂಡತಿ ಗಿರಿಜಾ ಇದನ್ನೆಲ್ಲ ನೋಡಿ, ನಾನು ಆರಿಸಿದ ವಸ್ತು ಎರಡು ಕೆಲಸ ಮಾಡುವುದು ಖರೆ, ಒಂದು ಕೆಡುವುದು, ಇನ್ನೊಂದು ಮಂದಿಯ ಮುಂದೆ ಮಾನ ಕಳೆಯುವುದು ಎಂದು ತೀರ್ಪು ಕೊಟ್ಟುಬಿಟ್ಟಿದ್ದಳು. ಆಕೆಯನ್ನು ಆರಿಸಿದ್ದು ನಾನಲ್ಲ, ನಮ್ಮವ್ವ. ಹಾಗಾಗಿ ಆಕೆ ಈ ಲೆಕ್ಕದಿಂದ ಹೊರಗೆ.

ನಾನು ಶಿಗ್ಗಾಂವದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಮುಂಬಯಿಯಲ್ಲಿ ನೌಕರಿ ಮಾಡುತ್ತಿದ್ದ ಗಿರಿಜಾಳ ತಮ್ಮ ದೀಪಾವಳಿಗೆ ಬಂದವನು ಒಂದು ಕಂಪ್ಯೂಟರನ್ನು ನನ್ನ ಕೈಗಿಟ್ಟ. ಬಿಚ್ಚಿ ನೋಡಿ ಹೌಹಾರಿದೆ. ಟೈಪ್‌ರೈಟರಿನ ಕೆಳಗಿನ ಅರ್ಧವನ್ನು ಮಾತ್ರ ಉಳಿಸಿದಂತೆ ಬರೀ ಗುಂಡಿಗಳ ಹಲಗೆ. ಮಾರಿಯೇ ಇಲ್ಲ. ಇದು ಲೆಕ್ಕ ಮಾಡಿ ಎಲ್ಲಿ ತೋರಿಸುತ್ತದೆ ಎಂದು ಕೇಳಿದರೆ, ಟೀವಿಗೆ ಜೋಡಿಸಬೇಕು, ಟೀವಿಯೇ ಅದರ ಮುಖ ಎಂದ. ನಮ್ಮ ಮನೆಯಲ್ಲಿ ಟೀವಿ ಎಲ್ಲಿಂದ ಬರಬೇಕು? ಹಾನಗಲ್ಲಿನಲ್ಲಿರುವ ಗಿರಿಜಾಳ ಅಕ್ಕನ ಮಗ ಟೀವಿ ಬಂದ ವರ್ಷವೇ ಗಣಿತದಲ್ಲಿ ಡುಮ್ಕಿ ಹೊಡೆದಿದ್ದ. ಅಂದಿನಿಂದ ನಮ್ಮ ಇಬ್ಬರು ಹುಡುಗರು ಶಾಲೆ ಮುಗಿಸುವವರೆಗೆ ಟೀವಿ ಈ ಮನೆಯ ಹೊಸ್ತಿಲು ದಾಟಕೂಡದು ಎಂದು ಆಕೆ ಹುಕುಂ ಹೊರಡಿಸಿದ್ದಳು. ಗುಂಡಿಯ ಹಲಗೆಯನ್ನು ಟಾವೆಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ.

ಅದು ಅಲ್ಲೇ ಇದ್ದಿದ್ದರೆ ನಾನೂ ಮಾನದಿಂದ ಇರುತ್ತಿದ್ದೆ. ಆದರೆ ನಮ್ಮ ಶಾಲೆಗೂ ಕಂಪ್ಯೂಟರ್ ಬರಲಿದೆ, ಒಬ್ಬ ಮಾಸ್ತರರನ್ನು ಧಾರವಾಡಕ್ಕೆ ತರಬೇತಿಗೆ ಕಳಿಸಬೇಕು, ಬಂದ ಮೇಲೆ ಅವರೇ ಅದರ ಯಜಮಾನರು ಎಂದು ಸುದ್ದಿ ಹಬ್ಬಿತು. ನಮ್ಮ ಹೆಡ್‌ಮಾಸ್ತರರು ಹೆಚ್ಚು ಮಾತಿನವರಲ್ಲ. ಬಂದವರ ಮಾತು ಕೇಳಿ ‘ಹೌದೇನ್ರಿ’ ಅನ್ನುವವರು. ಅವರ ಕೋಣೆಗೆ ಮಾಸ್ತರರೆಲ್ಲ ಒಬ್ಬೊಬ್ಬರೇ, ಯಾರಿಗೂ ಕಾಣದಂತೆ ಹೋಗಿ, ತಮಗೆ ಕಂಪ್ಯೂಟರ್ ಬರುತ್ತದೆ ಎಂದು ಹೇಳಿ ಬಂದರು. ಹಿರೇಕೆರೂರಿನ ಕಡೆಯ ವಿಜ್ಞಾನದ ಮಾಸ್ತರರಂತೂ ತಾವು ಅದನ್ನು ಬಿಚ್ಚಿ ಕೂಡಿಸಿದ್ದಾಗಿ ಹೇಳಿದರಂತೆ. ನಾನು ಬಿಟ್ಟೇನೆ? ನನಗೆ ಬರುವುದಷ್ಟೇ ಅಲ್ಲ, ನಮ್ಮ ಮನೆಯಲ್ಲೇ ಒಂದಿದೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ‘ಹೌದೇನ್ರಿ? ಹಂಗಾರ ಒಂದಿನ ಮನೀಗೆ ಬಂದ ನೋಡ್ತೇನಿ ತಡೀರಿ’ ಎಂದರು. ಟೀವಿಯೇ ಇಲ್ಲದೆ ಆ ಹಲಗೆಯಲ್ಲಿ ಅವರಿಗೆ ಏನು ತೋರಿಸುವುದು?

ನಮ್ಮ ಪಕ್ಕದ ಮನೆ ದಸ್ತಗೀರಸಾಬರದು. ಸವಣೂರಿನ ತೋಟಗಳಿಂದ ವೀಳ್ಯದೆಲೆ ತರಿಸಿ ಮಾರುವ ವ್ಯಾಪಾರ. ಎರಡೂ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ಎರಡು ಮೊಳ ದಪ್ಪದ ಆ ಗೋಡೆಯ ಎರಡೂ ಬದಿಗೆ, ಬೆನ್ನಿಗೆ ಬೆನ್ನು ಕೊಟ್ಟಂತೆ, ದೀಪ ಇಡುವ ಮಾಡಗಳಿದ್ದವು. ಸಾಬರ ತಾಯಿ ಹುಸೇನಬೀ ಆಯಿಗೆ ವಯಸ್ಸಾಗಿ ಹೊರಗೆ ಅಡ್ಡಾಡಲು ಆಗುತ್ತಿರಲಿಲ್ಲ, ಅವರಿಗೊಂದು ಟೀವಿ ತರಬೇಕೆಂದು ಸಾಬರು ಯೋಚಿಸುತ್ತಿದ್ದರು. ನನ್ನ ಕಷ್ಟ ಕೇಳಿದವರೇ, ‘ಒಂದೆತ್ತು ಇದ್ದಾಂವ ಇನ್ನೊಂದೆತ್ತು ಇದ್ದಾವನ ಕೂಡ ಜೋಡಿ ಹೂಡೂದಿಲ್ಲೇನ್ರಿ ಮಾಸ್ತರ? ಹಂಗ ತಿಳೀರಿ. ಟೀವಿ ಕೂಡಿ ತರೂಣು, ಪಾಳಿ ಹಚ್ಚಿ ಹೂಡೂಣು’ ಎಂದರು. ಎಲ್ಲಿಡುವುದು ಎಂದು ಕೇಳಿದೆ. ಗೋಡೆಯಲ್ಲಿ ಎಂದರು. ಎರಡು ಮಾಡಗಳನ್ನು ಒಂದು ಮಾಡಿ ನಡುವೆ ಕೂಡಿಸಿದರೆ ಟೀವಿ ಯಾರ ಮನೆಗೂ ಬಂದಂತಾಗುವುದಿಲ್ಲ. ಹೊಸ್ತಿಲು ದಾಟಕೂಡದು ಎಂದಿದ್ದಳಷ್ಟೇ, ಗೋಡೆಯ ವಿಷಯ ಗಿರಿಜಾ ಎತ್ತಿರಲಿಲ್ಲ. ಈ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು.

ಟೀವಿ ಆರಿಸಲು ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಗುಂಡಿಯ ಹಲಗೆಯನ್ನು ಎಲೆಯ ಬುಟ್ಟಿಯಲ್ಲಿಟ್ಟುಕೊಂಡು, ಒಣಗಬಾರದೆಂಬಂತೆ ಹಸಿ ಬಟ್ಟೆ ಮುಚ್ಚಲು ಹೊರಟಿದ್ದ ಸಾಬರನ್ನು ತಡೆಯುವಷ್ಟರಲ್ಲಿ ನನಗೆ ಸಾಕಾಯಿತು. ಅಂಗಡಿಯವನು ನಗುತ್ತ ಬರಮಾಡಿಕೊಂಡ. ಬುಟ್ಟಿಯಿಂದ ನಾನು ವೈರು ಎಳೆದದ್ದೇ ತಡ, ಅವನ ನಗೆ ಆರಿತು. ಇದನ್ನು ಜೋಡಿಸಿದರೆ ಟೀವಿ ಸುಟ್ಟುಹೋದೀತು ಎಂದು ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಫೋಟೋ ನೋಡಿದ. ಸುಟ್ಟರೆ ಆ ಟೀವಿಯನ್ನೇ ಕೊಳ್ಳುತ್ತೇವೆ ಎಂದು ಸಾಬರು ಮಾತು ಕೊಟ್ಟ ಮೇಲೆ ದಾರಿ ಬಿಟ್ಟ. ಮೊದಲನೆಯದರಲ್ಲಿ ಅಕ್ಷರಗಳು ಕಪ್ಪೆಮರಿಗಳಂತೆ ಈಜಾಡಿದವು. ಎರಡನೆಯದು ಪ್ರತಿ ಸಾಲಿನ ಮೊದಲ ಅಕ್ಷರವನ್ನು ನುಂಗುತ್ತಿತ್ತು. ಅಕ್ಷರ ಚೆನ್ನಾಗಿ ಕಂಡ ಮೂರನೆಯದರಲ್ಲಿ ವಾರ್ತೆ ಓದುವ ಹೆಣ್ಣುಮಗಳ ಗಲ್ಲ ಬಾತು, ಆಕೆಗೆ ಮಂಗಬಾವು ಆದಂತೆ ಕಾಣುತ್ತಿತ್ತು. ನನ್ನ ಪರೀಕ್ಷೆಯೆಂದರೆ ಗಾಜಿಗೆ ಮೂಗು ಹಚ್ಚಿ ಅಕ್ಷರ ಅಲುಗುತ್ತದೆಯೋ ಎಂದು ನೋಡುವುದು. ಸಾಬರ ಪರೀಕ್ಷೆ ಬೇರೆ. ಟೀವಿ ತಂದರೆ ಓಣಿಯೆಲ್ಲ ಬರುತ್ತದೆ, ಕಟ್ಟೆಯ ಮೇಲೆ ನಿಂತವರಿಗೂ ಕಾಣಬೇಕು ಎಂದು ಅವರು ಹಿಂದೆ ಹಿಂದೆ ಸರಿದು ಅಂಗಡಿಯ ಮೆಟ್ಟಿಲಿಳಿದು, ರಸ್ತೆ ದಾಟಿ, ಆಚೆಯ ಪಾತ್ರೆಯ ಅಂಗಡಿಯ ಮುಂದೆ ನಿಂತು ಕೈ ಮಾಡುತ್ತಿದ್ದರು. ನಡುವೆ ಟಾಂಗಾ ಬಂದರೆ ಪರೀಕ್ಷೆ ನಿಲ್ಲುತ್ತಿತ್ತು. ಒಂದೇ ಟೀವಿಗೆ ಒಬ್ಬ ಗಿರಾಕಿ ಮೂಗು ಹಚ್ಚಿದ್ದಾನೆ, ಇನ್ನೊಬ್ಬ ರಸ್ತೆಯಾಚೆ ಇದ್ದಾನೆ. ಅಂಗಡಿಯವನು ನಡುವೆ ಬಾಯಿ ತೆರೆದುಕೊಂಡು ನಿಂತಿದ್ದ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಕಟ್ಟಿಗೆಯ ಪೆಟ್ಟಿಗೆಯ, ಎರಡು ಬಾಗಿಲು ಸರಿಸುವ, ಆ ಅಂಗಡಿಯಲ್ಲೇ ಅತಿ ದೊಡ್ಡದಾದ ಟೀವಿ. ಮಾಡದ ಅಳತೆ ತರುವುದನ್ನು ಇಬ್ಬರೂ ಮರೆತಿದ್ದೆವು.

ಭಾನುವಾರ ಗಿರಿಜಾ ಹಳ್ಳಕ್ಕೆ ಕೌದಿ ಒಗೆಯಲು ಹೋದ ಹೊತ್ತು ನೋಡಿ ನಾವಿಬ್ಬರೂ ಹಾರೆ ಹಿಡಿದೆವು. ಟೀವಿಗೆ ತಕ್ಕಂತೆ ಅಗಲಿಸುತ್ತ ಅಗಲಿಸುತ್ತ ಗೋಡೆಯಲ್ಲಿ ಒಂದು ಎಮ್ಮೆಕರು ದಾಟುವಷ್ಟು ಕಿಂಡಿಯಾಯಿತು. ಪಾಳಿ ಬದಲಾದಾಗ ಟೀವಿ ತಿರುಗಬೇಕಲ್ಲ, ಅದಕ್ಕೆ ಹುಸೇನಬೀ ಆಯಿಯ ಬೀಸುಕಲ್ಲನ್ನೇ ಕೆಳಗಿಟ್ಟು ಮೇಲೊಂದು ಹಲಗೆ ಬಿಗಿದೆವು. ಮೇಲಿನ ಕಲ್ಲು ತಿರುಗಿದಂತೆ ಟೀವಿ ನಮ್ಮ ಕಡೆಗೊಮ್ಮೆ, ಅವರ ಕಡೆಗೊಮ್ಮೆ ಮುಖ ಮಾಡುತ್ತಿತ್ತು. ತಲೆಯ ಮೇಲೆ ಒದ್ದೆ ಕೌದಿ ಹೊತ್ತು ಬಂದ ಗಿರಿಜಾ, ನಡುಮನೆಯಲ್ಲಿ ನಿಂತು, ಪಕ್ಕದ ಮನೆಯ ಅಡುಗೆ ಒಲೆಯನ್ನು ನೋಡಿದಳು. ಗೋಡೆ ಮನೆಯೊಳಗಲ್ಲ ಎಂಬ ನನ್ನ ವಾದವನ್ನು ಕೇಳಿ, ಒಂದು ಹಳೆ ಸೀರೆ ತಂದು ಕಿಂಡಿಯ ಸುತ್ತಿನ ಸಂದಿಗೆ ಪರದೆ ಕಟ್ಟಿ, ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಆಮೇಲೆ ತಿಳಿಯಿತು ನಾವು ಆರಿಸಿದ ಟೀವಿಗೆ ಮುಖದಷ್ಟೇ ದೊಡ್ಡದಾದ ಬೆನ್ನೂ ಇದೆಯೆಂದು. ಅವರ ಪಾಳಿಯಲ್ಲಿ ಮುಖ ಆ ಕಡೆ, ಬೆನ್ನು ನಮಗೆ. ಚಿತ್ರ ಇಲ್ಲ, ಸದ್ದು ಮಾತ್ರ. ಟೀವಿ ಬೇಡವೆಂದಿದ್ದ ಗಿರಿಜಾ ಆ ಬೆನ್ನಿನ ಮುಂದೆಯೇ ಕಾಳು ಹಸನು ಮಾಡುತ್ತ ಕುಳಿತು, ಬರೀ ಸದ್ದಿನ ಮೇಲೆ ಸಿನಿಮಾ ನೋಡಲು ಕಲಿತಳು. ಈಗ ಬಾಗಿಲು ಬಡಿಯುತ್ತಿರುವವನು ಕಳ್ಳ, ಆಕೆಯ ಗಂಡ ಅಲ್ಲ ಎಂದು ಮೊದಲೇ ಹೇಳುತ್ತಿದ್ದಳು. ನನ್ನ ಪಾಳಿಯದೇ ಫಜೀತಿ. ಸಂಜೆ ಆರಕ್ಕೆ ನಾನು ಗುಂಡಿಯ ಹಲಗೆ ಜೋಡಿಸಿ ಕೂರುವಷ್ಟರಲ್ಲಿ ಆ ಕಡೆ ಓಣಿಯ ಮಂದಿಯೆಲ್ಲ ಜಾಗ ಹಿಡಿಯಲು ಬಂದು, ಚಾಪೆ ಹಾಸಿಕೊಂಡು, ಟೀವಿಯ ಬೆನ್ನು ನೋಡುತ್ತ ಕಾಯುತ್ತಿದ್ದರು. ಅವರ ಕೆಮ್ಮು, ಅಡಿಕೆ ಕತ್ತರಿಸುವ ಸದ್ದು, ನಿಟ್ಟುಸಿರು ಎಲ್ಲವೂ ಈಚೆ ಬರುತ್ತಿತ್ತು. ನಾನು ಹಲಗೆಯ ಜೊತೆ ಬಂದಿದ್ದ ಪುಸ್ತಕ ನೋಡಿ ಒಂದು ಸಾಲು ಒತ್ತಿದರೆ, ತಪ್ಪಾಗಿದೆ ಎಂದು ಯಂತ್ರ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಎರಡೂ ಎರಡೂ ಕೂಡಿಸು ಅಂದರೂ ತಪ್ಪು. ನನ್ನ ಹೆಸರು ಬರೆದರೂ ತಪ್ಪು. ಮೊದಮೊದಲು ಅದಕ್ಕೆ ಬಹುವಚನದಲ್ಲೇ ತಿಳಿಸಿ ಹೇಳಿದೆ. ವಾರ ಕಳೆಯುವಷ್ಟರಲ್ಲಿ ಏಕವಚನಕ್ಕಿಳಿದೆ. ಆಮೇಲೆ ಅದರ ತಂದೆತಾಯಿಗಳ ವಿಷಯವೂ ಬಂತು. ನಡುನಡುವೆ ಹುಸೇನಬೀ ಆಯಿ ಪರದೆಯಾಚೆಯಿಂದ ಲೆಕ್ಕ ಮುಗಿಯಿತೇ ಎಂದು ಮೆತ್ತಗೆ ಕೇಳುತ್ತಿದ್ದರು. ಮುಗಿಯಿತೆಂದು ಸುಳ್ಳು ಹೇಳಿ ಬೀಸುಕಲ್ಲು ತಿರುಗಿಸುತ್ತಿದ್ದೆ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಗೋಡೆಗೆ ಬಾಯೂ ಇದೆಯೆಂಬುದು ನನಗಿನ್ನೂ ಹೊಳೆದಿರಲಿಲ್ಲ.

ಒಂದು ಭಾನುವಾರ ಸಂಜೆ, ಸಿನಿಮಾಕ್ಕೆ ಇನ್ನೇನು ಅರ್ಧ ತಾಸಿದೆ ಅನ್ನುವಾಗ, ಹೆಡ್‌ಮಾಸ್ತರರು ಹೇಳದೆ ಕೇಳದೆ ಬಂದುಬಿಟ್ಟರು. ಗೋಡೆಯಲ್ಲಿ ಟೀವಿ ಕಂಡು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಟ್ರಂಕಿನ ಮೇಲೆ ಕುಳಿತು, ತೋರಿಸಿರಿ ಎಂದರು. ಹದಿನೇಳರ ಮಗ್ಗಿಯನ್ನು ತಾನೇ ಹೇಳುವಂತೆ ಮಾಡುವ ನಾಲ್ಕು ಸಾಲು ಪುಸ್ತಕದಲ್ಲಿತ್ತು. ಅದನ್ನು ಬಾಯಿಪಾಠ ಮಾಡಿಟ್ಟಿದ್ದೆ. ಒಂದೊಂದೇ ಗುಂಡಿ ಹುಡುಕಿ ಒತ್ತಿದೆ. ತಪ್ಪಾಗಿದೆ ಎಂದಿತು. ಮತ್ತೆ ಒತ್ತಿದೆ, ಮತ್ತೆ ತಪ್ಪು. ಯಂತ್ರ ಬಿಸಿಯಾದ ಮೇಲೆ ಸರಿಹೋಗುತ್ತದೆ, ಮೊದಮೊದಲು ಹೀಗೇ ಅನ್ನುತ್ತದೆ ಎಂದು ಗಂಭೀರವಾಗಿ ವಿವರಿಸಿದೆ. ಹೆಡ್‌ಮಾಸ್ತರರು ‘ಹೌದೇನ್ರಿ’ ಎಂದರು. ನಾನು ಮೂರನೆಯ ಸಲ ಒತ್ತುವಾಗ ಮನೆ ಒಮ್ಮೆಲೇ ಗಪ್ಪಾಯಿತು. ಆ ಮೌನದಲ್ಲಿ, ಪರದೆಯಾಚೆಯಿಂದ, ಹುಸೇನಬೀ ಆಯಿ ಪಕ್ಕದವಳಿಗೆ ಹೇಳುತ್ತಿದ್ದದ್ದು ಗಂಟೆ ಬಾರಿಸಿದಂತೆ ಕೇಳಿಸಿತು.

‘ಇವತ್ತರ ಅದು ನಮ್ಮ ಮಾಸ್ತರನ ಮಾತು ಕೇಳ್ಲೆವ್ವಾ. ತಿಂಗಳಾತು, ಪಾಪ, ದಿನಾ ಬೈಕೋತ ಕುಂಡ್ರತಾರ. ಒಂದ ದಿನಾನೂ ಕೇಳಿಲ್ಲದು. ನಾ ದರ್ಗಾಕ್ಕ ಸಕ್ಕರಿ ಹರಕಿ ಹೊತ್ತೇನಿ.’

ಆಮೇಲೆ ಓಣಿಯ ಹತ್ತು ಬಾಯಿ ಕೂಡಿ ‘ಕೇಳ್ಲೆವ್ವಾ ಕೇಳ್ಲಿ’ ಎಂದು ಹಾರೈಸಿದವು. ಹರಿದ ಚಾಪೆಯ ಮೇಲೆ ಕುಳಿತು ನನಗಾಗಿ ಮನಸಾರೆ ಬೇಡಿಕೊಳ್ಳುತ್ತಿದ್ದ ಆ ಮಂದಿಯ ಮೇಲೆ ಸಿಟ್ಟು ಮಾಡುವಂತೆಯೂ ಇರಲಿಲ್ಲ. ಸಾಬರು ಯಾರನ್ನೋ ಸುಮ್ಮನಿರಿಸುವ ಸದ್ದು ಬಂತು. ಚಹಾದ ತಟ್ಟೆ ಹಿಡಿದು ಬಂದ ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅದು ಗಾಬರಿಯೋ ನಗೆಯೋ ಎಂದು ನಾನು ಇವತ್ತಿಗೂ ಕೇಳಿಲ್ಲ. ಭೂಮಿ ಬಾಯಿ ಬಿಡಲಿ ಅನ್ನಿಸಿತು. ಹೆಡ್‌ಮಾಸ್ತರರು ಚಹಾ ಕುಡಿದು ಮುಗಿಸಿ, ಆ ಕಡೆ ಈಹೊತ್ತು ಸಿನಿಮಾ ಇದೆಯೇನು ಎಂದು ಕೇಳಿ, ಎದ್ದು ಹೋಗಿ ಸಾಬರ ಮನೆಯ ಚಾಪೆಯ ಮೇಲೆ ಕುಳಿತರು. ನಾನೇ ನನ್ನ ಕೈಯಾರೆ ಕಲ್ಲು ತಿರುಗಿಸಿ, ಟೀವಿಯ ಬೆನ್ನು ನೋಡುತ್ತ ಕುಳಿತೆ.

ಮುಂದಿನ ವಾರವೆಲ್ಲ ನಾನು ಸ್ಟಾಫ್‌ರೂಮಿನಲ್ಲಿ ತಲೆ ಎತ್ತಲಿಲ್ಲ. ಹಿರೇಕೆರೂರಿನ ಮಾಸ್ತರರು ಧಾರವಾಡಕ್ಕೆಂದು ಹೊಸ ಚೀಲ ಹೊಲಿಸಿಕೊಂಡರೆಂದು ಸುದ್ದಿ ಬಂತು. ಶನಿವಾರ ಹೆಡ್‌ಮಾಸ್ತರರು ಕರೆಸಿ, ತರಬೇತಿಗೆ ನಿಮ್ಮ ಹೆಸರು ಕಳಿಸಿದ್ದೇನೆ ಎಂದರು. ಇದು ನನ್ನನ್ನು ಆಡಿಸುವ ಪರಿಯೇ ಎಂದು ಅವರ ಮುಖ ನೋಡಿದೆ. ಅವರು ಎಂದಿನಂತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

‘ತರಬೇತಿ ಅಂದ್ರ ಬರದವರಿಗೆ ಇರೂದ್ರಿ. ಎಲ್ಲಾರೂ ಬಂದು ಬರ್ತೈತಿ ಅಂತಾನ ಹೇಳಿ ಹೋದ್ರು. ಇದ್ದವರಾಗ ಬರೂದಿಲ್ಲ ಅಂತ ಸಾಕ್ಷಿ ಸಮೇತ ಗೊತ್ತಾದವ್ರು ನೀವೊಬ್ರ.’

ಮರ್ಯಾದೆ ಹೋಯಿತೋ ಬಂತೋ ತಿಳಿಯದೆ ಮನೆಗೆ ಬಂದೆ. ಹುಸೇನಬೀ ಆಯಿ ಹರಕೆಯ ಸಕ್ಕರೆ ಹಂಚಿದರು, ಅದು ಮಾತು ಕೇಳದಿದ್ದರೂ ಪರವಾಗಿಲ್ಲ, ಕೆಲಸವಾಯಿತಲ್ಲ ಎಂದು. ಗಿರಿಜಾ ಬುತ್ತಿ ಕಟ್ಟಿಕೊಡುತ್ತ, ಅಲ್ಲಿಯಾದರೂ ಬಾಯಿ ಮುಚ್ಚಿಕೊಂಡು ಕಲಿತು ಬರಬೇಕೆಂದು ಬುದ್ಧಿ ಹೇಳಿದಳು. ಇಡೀ ಬಸ್ಸಿನ ದಾರಿಯಲ್ಲಿ ನಾನೂ ಅದನ್ನೇ ನಿಶ್ಚಯ ಮಾಡಿಕೊಂಡು ಹೋದೆ. ಹೋಗುತ್ತಿರುವುದು ಕಲಿಯಲು, ಕಲಿತವನಂತೆ ತೋರಲು ಅಲ್ಲ.

ಧಾರವಾಡದ ಆ ಕೋಣೆಯಲ್ಲಿ ಜಿಲ್ಲೆಯ ಮಾಸ್ತರರೆಲ್ಲ ಸಾಲಾಗಿ ಕುಳಿತಿದ್ದೆವು. ಕಲಿಸಲು ಬಂದ ಹರೆಯದ ಸಾಹೇಬರು ಒಳಗೆ ಬಂದವರೇ, ನಿಮ್ಮಲ್ಲಿ ಕಂಪ್ಯೂಟರ್ ಮೊದಲೇ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಸುತ್ತ ನೋಡಿದೆ. ಗುರುತಿನವರು ಯಾರೂ ಇರಲಿಲ್ಲ. ನಾಲ್ಕೂ ಗೋಡೆ ಗಟ್ಟಿಯಾಗಿದ್ದವು. ನನ್ನ ಕೈ ಆಗಲೇ ಮೇಲಿತ್ತು.